ಬಂಡೆ ಚಿತ್ರ ನೋಡಲು ಯಾವ ಗುಡ್ಡ ಹತ್ತಬೇಕು? ಕುಪ್ಪಗಲ್ಲು, ಹಿರೇಬೆಣಕಲ್, ಒನಕೆ ಕಿಂಡಿ, ಪಿಕ್ಲಿಹಾಳ

ಮೊದಲೇ ಹೇಳಿಬಿಡುತ್ತೇನೆ: ಒಂದು ದಿನಕ್ಕೆ ಒಂದೇ ಗುಡ್ಡ. ಬೆಳಗ್ಗೆ ಒಂದು, ಮಧ್ಯಾಹ್ನ ಒಂದು ಅಂತ ಲೆಕ್ಕ ಹಾಕಿಕೊಂಡು ಬಂದವರು ಎರಡನ್ನೂ ಸರಿಯಾಗಿ ನೋಡದೆ, ಬಿಸಿಲಿಗೆ ಬಾಡಿ ವಾಪಸ್ ಹೋಗಿದ್ದನ್ನು ಸಾಕಷ್ಟು ಸಲ ಕಂಡಿದ್ದೇನೆ.

ನಮ್ಮ ಮನೆ ಇರುವುದು ಗಂಗಾವತಿಯಲ್ಲಿ. ದೀಪಾವಳಿ ಮುಗಿಯುತ್ತಿದ್ದ ಹಾಗೇ ನೆಂಟರ ಫೋನ್ ಶುರುವಾಗುತ್ತದೆ. ಈ ಸಲ ಬೆಂಗಳೂರಿನಿಂದ ಅಕ್ಕನ ಮಗಳು ಮಾಡಿದ್ದಳು. "ಮಾಮಾ, ಜೋರ್ಡಾನ್ ದೇಶದ ವಾದಿ ರಮ್ ವಿಡಿಯೋ ನೋಡಿದೆ. ಮರಳುಗಾಡು, ಕೆಂಪು ಬಂಡೆಗಳ ಕಮರಿ, ಬಂಡೆ ಮೇಲೆ ಒಂಟೆ ಚಿತ್ರ. ನಮ್ಮ ಕಡೆ ಅಂಥದ್ದು ಎಲ್ಲಿದೆ? ಒಂದೇ ಒಂದು ಹೇಳು ಸಾಕು."

ವಾದಿ ರಮ್ ದೊಡ್ಡ ಜಾಗ. ಅಲ್ಲಿ ಸುಮಾರು 25,000 ಕೆತ್ತನೆಗಳು, 20,000 ಶಾಸನಗಳು ಇವೆ. 2011ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಅಲ್ಲಿನದು ಮರಳುಗಲ್ಲು, ಗಾಳಿ ನೀರಿಗೆ ಸವೆದು ಕಮರಿಯಾಗಿದೆ. ನಮ್ಮದು ಮರಳುಗಾಡಲ್ಲ, ಆ ಬಗೆಯ ಕಮರಿಯೂ ಇಲ್ಲಿಲ್ಲ. ಬಳ್ಳಾರಿ, ಕೊಪ್ಪಳ, ರಾಯಚೂರು ಮಳೆ ಕಡಿಮೆ ಬೀಳುವ ಜಿಲ್ಲೆಗಳು. ಇಲ್ಲಿರುವುದು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. ಭೂಮಿಯೊಳಗಿದ್ದಾಗಲೇ ಅದು ಅಡ್ಡ-ಉದ್ದ ಬಿರುಕು ಬಿಟ್ಟಿತು. ಬಿರುಕಿಗೆ ನೀರಿಳಿದು ಮೂಲೆಗಳು ಕೊಳೆತು ಮಣ್ಣಾದವು. ಮಣ್ಣು ಕೊಚ್ಚಿಹೋದ ಮೇಲೆ ನಡುವಿನ ಗಟ್ಟಿ ಗುಂಡುಗಳು ಒಂದರ ಮೇಲೊಂದು ಉಳಿದವು. ಆ ಗುಂಡುಗಳ ಸಂದಿಯೇ ನಮ್ಮ ಕಿಂಡಿ, ನಮ್ಮ ಗವಿ. ಹಳಬರು ಚಿತ್ರ ಬರೆದದ್ದು ಅಲ್ಲೇ.

ನಿಮಗೆ ಬೇಕಿರುವುದು ಕಮರಿಯೇ ಆದರೆ ಆಂಧ್ರದ ಗಂಡಿಕೋಟಕ್ಕೆ ಹೋಗಿ. ಬಳ್ಳಾರಿಯಿಂದ ಸುಮಾರು 200 ಕಿ.ಮೀ. ಪೆನ್ನಾ ನದಿ ಬೆಟ್ಟವನ್ನು ಸೀಳಿಕೊಂಡು ಹೋಗುವುದನ್ನು ಅಂಚಿನಲ್ಲಿ ನಿಂತು ನೋಡಬಹುದು. ಆದರೆ ಚಿತ್ರಕ್ಕಾಗಿ ಅಲ್ಲಿಗೆ ಹೋಗಬೇಡಿ. ಚಿತ್ರ ಬೇಕು ಅಂದರೆ ನಮ್ಮ ಗುಡ್ಡಗಳೇ ಸರಿ.

ಬಣ್ಣದ ಚಿತ್ರವೋ, ಕುಟ್ಟಿದ ಚಿತ್ರವೋ?

ಜಾಗ ಆರಿಸುವುದಕ್ಕಿಂತ ಮುಂಚೆ ಇದನ್ನು ತೀರ್ಮಾನ ಮಾಡಿಕೊಳ್ಳಿ. ಯಾವ ಗುಡ್ಡ, ಎಷ್ಟು ಹೊತ್ತಿಗೆ ಹೋಗಬೇಕು ಅನ್ನುವುದೆಲ್ಲ ಇದರ ಮೇಲೆ ನಿಂತಿದೆ.

ಬಣ್ಣದ ಚಿತ್ರಗಳು ಗವಿಯೊಳಗೆ, ಚಾಚಿಕೊಂಡ ಬಂಡೆಯ ಅಡಿಯಲ್ಲಿ ಇರುತ್ತವೆ. ಹೆಚ್ಚಿನವು ಕೆಮ್ಮಣ್ಣಿನ ಬಣ್ಣದವು. ಸಂಡೂರಿನ ಅದಿರಿನಲ್ಲಿರುವ ಕಬ್ಬಿಣದ ಕೆಂಪು ಇದೆಯಲ್ಲ, ಅದೇ ಜಾತಿಯ ಬಣ್ಣ. ಸೊಪ್ಪಿನ ಬಣ್ಣವಾಗಿದ್ದರೆ ಯಾವತ್ತೋ ಹೋಗಿರುತ್ತಿತ್ತು. ಈ ಚಿತ್ರಗಳಿಗೆ ನೇರ ಬಿಸಿಲು ಬಿದ್ದರೆ ಕಣ್ಣಿಗೆ ಏನೂ ಹತ್ತುವುದಿಲ್ಲ. ಬಂಡೆ ನೆರಳಲ್ಲಿದ್ದು, ಎದುರಿನ ಬಯಲಿನಿಂದ ಮೆತ್ತನೆ ಬೆಳಕು ಬರುತ್ತಿರಬೇಕು.

ಕುಟ್ಟಿದ ಚಿತ್ರಗಳದ್ದು ಇದಕ್ಕೆ ಪೂರ್ತಿ ಉಲ್ಟಾ. ಬಿಸಿಲು ಮಳೆಗೆ ಬಂಡೆಯ ಮೈ ಕಪ್ಪಾಗಿರುತ್ತದೆ. ಗಟ್ಟಿ ಕಲ್ಲಿನಿಂದ ಚುಕ್ಕಿ ಚುಕ್ಕಿಯಾಗಿ ಕುಟ್ಟಿದರೆ ಆ ಕಪ್ಪು ಪದರ ಹೋಗಿ ಒಳಗಿನ ತಿಳಿ ಬಣ್ಣ ಕಾಣುತ್ತದೆ. ಆಳ ಅನ್ನುವುದೇ ಇಲ್ಲ, ಬೆರಳ ಉಗುರಿನಷ್ಟೂ ಇರುವುದಿಲ್ಲ. ನೆತ್ತಿ ಮೇಲೆ ಸೂರ್ಯ ಇದ್ದಾಗ ಹೋದರೆ ಸುಮ್ನೆ ಕಲ್ಲು ನೋಡಿ ಬರುತ್ತೀರಿ. ಬೆಳಗ್ಗೆ 8ರ ಒಳಗೆ, ಇಲ್ಲವೇ ಸಂಜೆ 4ರ ಮೇಲೆ ಬಿಸಿಲು ಓರೆಯಾಗಿ ಬೀಳಬೇಕು. ಆಗ ಒಂದೊಂದೇ ಕೊಂಬು, ಒಂದೊಂದೇ ಕಾಲು ಬಂಡೆಯಿಂದ ಎದ್ದು ಬರುತ್ತದೆ. ಮೋಡ ಇದ್ದರೆ ಟಾರ್ಚ್ ತೆಗೆದುಕೊಂಡು ಬಂಡೆಗೆ ಒತ್ತಿದ ಹಾಗೆ ಪಕ್ಕದಿಂದ ಬೆಳಕು ಬಿಡಿ. ಎದುರಿನಿಂದ ಬಿಟ್ಟರೆ ಕಾಣುವುದಿಲ್ಲ.

ಕುಪ್ಪಗಲ್ಲು: ನನ್ನ ಮೊದಲ ಆಯ್ಕೆ

ಕುಟ್ಟಿದ ಚಿತ್ರ ನೋಡಬೇಕು ಅಂದರೆ ಬಳ್ಳಾರಿಯ ಸಂಗನಕಲ್ಲು-ಕುಪ್ಪಗಲ್ಲು ಗುಡ್ಡಗಳಿಗೆ ಸಾಟಿಯಿಲ್ಲ. ಬಳ್ಳಾರಿ ಪೇಟೆಯಿಂದ ಹತ್ತು ಕಿಲೋಮೀಟರ್ ಒಳಗೇ ಇವೆ. ರೈಲು, ಬಸ್ಸು, ಲಾಡ್ಜು, ಆಟೋ ಎಲ್ಲ ಕೈಗೆ ಸಿಗುತ್ತವೆ. ಬೆಳಗ್ಗೆ 6ಕ್ಕೆ ಬುಡದಲ್ಲಿರಬಹುದು, 10ಕ್ಕೆ ವಾಪಸ್ ಬಂದು ಒಗ್ಗರಣಿ-ಮಿರ್ಚಿ ತಿನ್ನಬಹುದು.

ಇಲ್ಲಿ ಗ್ರಾನೈಟ್ ಗುಡ್ಡದ ನಡುವೆ ಕರಿಕಲ್ಲಿನ ಪಟ್ಟಿಯೊಂದು ಹಾದುಹೋಗಿದೆ. ಭೂವಿಜ್ಞಾನದವರು ಅದನ್ನು ಡಾಲರೈಟ್ ಅನ್ನುತ್ತಾರೆ. ಸುಮಾರು 4,000 ವರ್ಷ ಹಿಂದೆ ಇಲ್ಲಿದ್ದ ಜನ ಈ ಕಲ್ಲಿನಿಂದಲೇ ಕೊಡಲಿ ಮಾಡುತ್ತಿದ್ದರು. ಒಡೆದು ಬಿಸಾಡಿದ ಚಕ್ಕೆಗಳು ಈಗಲೂ ಕಾಲಿಗೆ ಸಿಗುತ್ತವೆ. ಕೊಡಲಿಯ ಬಾಯಿ ಮಸೆದ ಗುಳಿಗಳು ಬಂಡೆಗಳ ಮೇಲಿವೆ. ಆ ಗುಳಿಯಲ್ಲಿ ಅಂಗೈ ಇಟ್ಟರೆ ಒಳಗೆ ಗಾಜಿನ ಹಾಗೆ ನುಣುಪು. ನಮ್ಮ ಮನೆಯ ಹಿತ್ತಲಿನ ಒರಳೂ ಇಷ್ಟು ನುಣುಪಾಗಿಲ್ಲ.

ಅದೇ ಕರಿಕಲ್ಲಿನ ಮೇಲೆ ಚಿತ್ರಗಳಿವೆ. ಹೆಚ್ಚಿನವು ದನಗಳು: ಉದ್ದ ಕೊಂಬು, ಎದ್ದು ನಿಂತ ಇಣಿ, ಅಂದರೆ ಹೆಗಲ ಮೇಲಿನ ಡುಬ್ಬ. ನಡುವೆ ಮನುಷ್ಯರೂ ಇದ್ದಾರೆ. ಕೆಲವು ಚಿತ್ರಗಳು ಕೈಗೆಟುಕದ ಎತ್ತರದಲ್ಲಿವೆ. ಬರೆದವರು ಮೇಲಿನ ಬಂಡೆಯಿಂದ ಜೋತುಬಿದ್ದೇ ಕುಟ್ಟಿರಬೇಕು ಅನ್ನಿಸುತ್ತದೆ.

ಒಂದು ಸಲ ಅವ್ವನನ್ನು ಕರೆದುಕೊಂಡು ಹೋಗಿದ್ದೆ. ಆಕೆಗೆ ಆಗ 66 ವರ್ಷ. ಮೇಲೆ ತನಕ ಹತ್ತಿಸಲಿಲ್ಲ, ಕೆಳಗಿನ ಬಂಡೆಗಳನ್ನೇ ತೋರಿಸಿದೆ. ಬಿಸಿಲು ಓರೆಯಾಗಿತ್ತು. ನಾನು ಬೆರಳು ಮಾಡಿ ತೋರಿಸುವ ಮುಂಚೆಯೇ ಆಕೆ ಹೇಳಿದಳು: "ಅಲ್ಲಿ ನೋಡಪಾ, ಮಣ್ಣೆತ್ತಿನಂಗ ಐತಲ್ಲ!" ನೋಡಿದರೆ ಹೌದು. ಮಣ್ಣೆತ್ತಿನ ಅಮಾವಾಸ್ಯೆಗೆ ಆಕೆ ಎತ್ತು ಮಾಡುವಾಗ ಕಣ್ಣು, ಕಿವಿ, ಗೊರಸು ಯಾವುದನ್ನೂ ಮಾಡುವುದಿಲ್ಲ. ಮೈಗೆ ಒಂದು ಉಂಡೆ, ಇಣಿಗೆ ಒಂದು ಚಿವುಟು, ಕೊಂಬು ಮಾತ್ರ ಉದ್ದಕ್ಕೆ. ಬಂಡೆಯ ಮೇಲಿನ ಎತ್ತೂ ಹಾಗೇ ಇತ್ತು. ಮೈಗೆ ಎರಡೇ ಗೆರೆ, ಕಸುಬೆಲ್ಲ ಕೊಂಬಿಗೆ ಮತ್ತು ಇಣಿಗೆ. ಎಷ್ಟೋ ಸಲ ನೋಡಿದ್ದ ನನಗೆ ಅದು ಹೊಳೆದೇ ಇರಲಿಲ್ಲ.

ಇನ್ನೊಂದು ವಿಶೇಷ ಇಲ್ಲಿನ ದನಿ ಕೊಡುವ ಕಲ್ಲುಗಳು. ಕೆಲವು ಕರಿಗುಂಡುಗಳನ್ನು ಕಲ್ಲಿನಿಂದ ತಟ್ಟಿದರೆ ಗಂಟೆಯ ಹಾಗೆ ಠಣ್ ಅನ್ನುತ್ತವೆ. ಹಿಂದಿನವರು ತಟ್ಟಿ ತಟ್ಟಿ ಅವುಗಳ ಮೇಲೆ ಕುಳಿ ಬಿದ್ದಿವೆ. ಈ ಗುಡ್ಡದ ಚಿತ್ರಗಳ ಬಗ್ಗೆ 1892ರಲ್ಲೇ ಬರಹ ಬಂದಿತ್ತು. ಆಮೇಲೆ ಹೊರಗಿನವರು ಮರೆತೇಬಿಟ್ಟಿದ್ದರು. 2004ರಲ್ಲಿ ಕೇಂಬ್ರಿಜ್‌ನ ಪುರಾತತ್ವಜ್ಞೆ ನಿಕೋಲ್ ಬೊಯ್ವಿನ್ ಬರೆದ ಮೇಲೆ ಈ ದನಿ ಕಲ್ಲುಗಳು ಜಗತ್ತಿಗೆಲ್ಲ ಸುದ್ದಿಯಾದವು. ನೀವು ಹೋದಾಗ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ ಕೇಳಿ, ಅಷ್ಟೇ ಸಾಕು. ಬಂದವರೆಲ್ಲ ಕಲ್ಲು ತಗೊಂಡು ಬಡಿದರೆ ಹಳೇ ಕುಳಿ ಯಾವುದು, ಹೊಸದು ಯಾವುದು ಅಂತ ತಿಳಿಯದ ಹಾಗಾಗುತ್ತದೆ.

ಕೊರತೆಯನ್ನೂ ಹೇಳಬೇಕು. ಇಲ್ಲಿ ನೆರಳು ಇಲ್ಲ. ದಾರಿ ತೋರಿಸುವ ಫಲಕ ನಂಬಿ ಹೋಗಬೇಡಿ, ಊರಿನ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಕಲ್ಲು ಗಣಿಗಾರಿಕೆ ಈ ಗುಡ್ಡಗಳ ಒಂದಿಷ್ಟು ಭಾಗವನ್ನು ತಿಂದುಹಾಕಿದೆ. ಕತ್ತರಿಸಿದ ಬಂಡೆಯ ಬಿಳಿ ಮೈ ನೋಡಿದರೆ ಹೊಟ್ಟೆ ಉರಿಯುತ್ತದೆ.

ಗುಡ್ಡ ಇಳಿದ ಮೇಲೆ ಬಳ್ಳಾರಿಯಲ್ಲಿರುವ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗನಕಲ್ಲು ಮ್ಯೂಸಿಯಂಗೆ ಹೋಗಲೇಬೇಕು. 1863ರಲ್ಲಿ ಚೆನ್ನೈ ಬಳಿಯ ಪಲ್ಲಾವರಂನಲ್ಲಿ ಹಳೇ ಶಿಲಾಯುಗದ ಕೈಗೊಡಲಿ ಗುರುತಿಸಿದ ಬ್ರಿಟಿಷ್ ಭೂವಿಜ್ಞಾನಿ ಫೂಟ್ ಇವರೇ. ಬಳ್ಳಾರಿ ಸೀಮೆಯನ್ನೂ ಸುತ್ತಿ ನೋಡಿದ್ದರು. ಗುಡ್ಡದ ಮೇಲೆ ಚಕ್ಕೆಯಾಗಿ ಕಂಡದ್ದು ಇಲ್ಲಿ ಪೂರ್ತಿ ಕೊಡಲಿಯಾಗಿ ಕಾಣುತ್ತದೆ. ಮ್ಯೂಸಿಯಂ ಮೊದಲು ನೋಡಿದರೆ ಇನ್ನೂ ಒಳ್ಳೆಯದು. ಆದರೆ ಬೆಳಗಿನ ಬಿಸಿಲು ನಿಮಗಾಗಿ ಕಾಯುವುದಿಲ್ಲವಲ್ಲ. ಹಿಂದಿನ ಸಂಜೆಯೇ ನೋಡಿಕೊಳ್ಳಿ.

ಹಿರೇಬೆಣಕಲ್: ಕಾಲಿಗೆ ಕಸುವಿದ್ದವರಿಗೆ

ಗಂಗಾವತಿಯಿಂದ ಪಶ್ಚಿಮಕ್ಕೆ ಸುಮಾರು 10 ಕಿ.ಮೀ. ಊರು ದಾಟಿ ಗುಡ್ಡ ಹತ್ತಬೇಕು. ನಾನು ಹತ್ತುವುದಕ್ಕೇ ಒಂದೂವರೆ ಗಂಟೆ ಇಟ್ಟುಕೊಳ್ಳುತ್ತೇನೆ. ಮೇಲೆ ಹೋದ ಮೇಲೆ ಕಾಣುವುದು ಊರಿನಂಥ ಊರು. ನಾಲ್ಕು ಕಡೆ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಕಲ್ಲಿನ ಮನೆಗಳು. ಸುಮಾರು 400 ಇವೆ. ಕೆಲವಕ್ಕೆ ಒಂದು ಬದಿಯಲ್ಲಿ ದುಂಡನೆಯ ಕಿಂಡಿ ಇದೆ. ನಮ್ಮ ಕಡೆಯವರು ಇದನ್ನು ಮೊರೇರ ಬೆಟ್ಟ ಅನ್ನುತ್ತಾರೆ. ಮೂರಡಿ ಎತ್ತರದ ಮೊರೇರು ಇಲ್ಲಿ ಸಂಸಾರ ಮಾಡಿಕೊಂಡಿದ್ದರಂತೆ. ಕುರಿ ಕಾಯುವ ಅಜ್ಜ ಒಬ್ಬರು ನನಗೆ ಕಿಂಡಿ ತೋರಿಸಿ ಹೇಳಿದ್ದರು: "ಇದರಾಗ ನೀ ಹೊಕ್ಕೀ ಏನಪಾ? ಅವ್ರು ಹೊಕ್ತಿದ್ರು." ಪುರಾತತ್ವದವರ ಪ್ರಕಾರ ಇವು ಸತ್ತವರ ನೆನಪಿಗೆ ಕಟ್ಟಿದ ಕಲ್ಗೋರಿಗಳು, ಕಾಲ ಕ್ರಿ.ಪೂ. 800ರಿಂದ ಕ್ರಿ.ಪೂ. 200ರ ನಡುವೆ. 2021ರಲ್ಲಿ ಯುನೆಸ್ಕೊ ತಾತ್ಕಾಲಿಕ ಪಟ್ಟಿಗೆ ಸೇರಿದೆ.

ಚಿತ್ರಗಳು ಇಲ್ಲಿ ಕೆಮ್ಮಣ್ಣಿನವು, ಚಾಚಿದ ಬಂಡೆಗಳ ಅಡಿಯಲ್ಲಿವೆ. ಜಿಂಕೆ, ದನ, ನವಿಲು, ಕುದುರೆ ಏರಿದವರು, ಕುಣಿಯುವವರು. ಕುಪ್ಪಗಲ್ಲಿನಲ್ಲಿ ದನದ್ದೇ ರಾಜ್ಯಭಾರ, ಇಲ್ಲಿ ಬೇಟೆ, ಕುಣಿತ ಎಲ್ಲ ಇದೆ. ಆದರೆ ಚಿತ್ರಕ್ಕಿಂತ ಜಾಸ್ತಿ ಮನಸ್ಸು ಹಿಡಿಯುವುದು ಜಾಗ. ಗೋರಿಗಳ ನಡುವೆ ಒಂದು ಕೊಳ ಇದೆ. ಚಪ್ಪಡಿ ಎಬ್ಬಿಸಿದ ಜಾಗವೇ ನೀರು ತುಂಬಿ ಕೊಳವಾದದ್ದು. ದೊಡ್ಡ ಬಂಡೆಯೊಂದರ ಮೇಲೆ ನಗಾರಿ ಆಕಾರದ ಗುಂಡು ಕುಳಿತಿದೆ. ಬಡಿದರೆ ದನಿ ದೂರದವರೆಗೆ ಹೋಗುತ್ತದೆ.

ಕೊಪ್ಪಳ ಜಿಲ್ಲೆಯಲ್ಲಿ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಹಾಗಿದ್ದರೂ ಮೊದಲ ಸಲ ಬಂಡೆ ಚಿತ್ರ ನೋಡುವವರಿಗೆ, ಚಿಕ್ಕ ಮಕ್ಕಳಿರುವವರಿಗೆ, ಮೊಣಕಾಲು ನೋವಿನವರಿಗೆ ನಾನು ಇದನ್ನು ಹೇಳುವುದಿಲ್ಲ. ಮೇಲೆ ದಾರಿ ತಪ್ಪುವುದು ಸುಲಭ, ಕೇಳಲು ಯಾರೂ ಸಿಗುವುದಿಲ್ಲ, ಕುಡಿಯುವ ನೀರು ಇಲ್ಲ. ಊರಿನವರೊಬ್ಬರು ಜೊತೆಗಿರಲೇಬೇಕು. ಅವರ ಅರ್ಧ ದಿನದ ಕೂಲಿ ಎಷ್ಟು ಅಂತ ಮೊದಲೇ ಮಾತಾಡಿ, ಚೌಕಾಸಿ ಮಾಡದೆ ಕೊಡಿ. ಒಬ್ಬೊಬ್ಬರೂ 3 ಲೀಟರ್ ನೀರು ಹೊರಬೇಕು.

ಒನಕೆ ಕಿಂಡಿ: ಮನೆಮಂದಿಯೆಲ್ಲ ಹೋಗಬಹುದು

ಇದು ಆನೆಗೊಂದಿ ಹತ್ತಿರ. ಚಿತ್ರದುರ್ಗದ ಒನಕೆ ಓಬವ್ವನ ಕಿಂಡಿ ಬೇರೆ, ಇದು ಬೇರೆ. ಫೋನಿನಲ್ಲಿ ಹುಡುಕುವಾಗ ಆನೆಗೊಂದಿ ಅಂತ ಸೇರಿಸಿ, ಇಲ್ಲದಿದ್ದರೆ ದುರ್ಗಕ್ಕೆ ದಾರಿ ತೋರಿಸುತ್ತದೆ.

ಹಂಪಿಗೆ ಬಂದವರಿಗೆ ಇದೇ ಅನುಕೂಲ. ಹೊಳೆ ದಾಟಿದರೆ ಆನೆಗೊಂದಿ. ಗಂಗಾವತಿಯಿಂದಲೂ ಹನ್ನೆರಡು-ಹದಿಮೂರು ಕಿ.ಮೀ. ಅಷ್ಟೇ. ವಿಜಯನಗರದ ಕಾಲದ ಕಾಲುವೆಗಳು ಈ ಭಾಗದಲ್ಲಿ ಇವತ್ತಿಗೂ ಗದ್ದೆಗೆ ನೀರು ಕೊಡುತ್ತವೆ. ಹಸಿರು ಭತ್ತದ ಪಕ್ಕದಲ್ಲೇ ಕಂದು ಗುಂಡುಗಳ ಗುಡ್ಡ ಎದ್ದಿರುತ್ತದೆ. ಫೋಟೊಕ್ಕೆ ನಾಲ್ಕರಲ್ಲಿ ಇದೇ ಚೆಂದ. ಏರು ಕಡಿಮೆ, ನಡಿಗೆ ಸ್ವಲ್ಪ. ಗೂಳಿ, ಮನುಷ್ಯರ ಚಿತ್ರಗಳಿವೆ. ಎಲ್ಲರೂ ನಿಂತು ನೋಡುವುದು ಒಂದು ದುಂಡು ಚಿತ್ರವನ್ನು. ಸಮಾಧಿ ಅನ್ನುವವರಿದ್ದಾರೆ, ಆಕಾಶದ ನಕ್ಷೆ ಅನ್ನುವವರಿದ್ದಾರೆ. ಅರ್ಧ ಗಂಟೆ ಎದುರಿಗೆ ಕೂತರೆ ನಿಮಗೂ ಒಂದು ಅರ್ಥ ಹೊಳೆಯುತ್ತದೆ.

ಚಿತ್ರಗಳ ಸಂಖ್ಯೆ ನೋಡಿದರೆ ಇದು ಸಣ್ಣ ಜಾಗ. ಇದಕ್ಕಾಗಿಯೇ ಬೆಂಗಳೂರಿನಿಂದ ಬರುವುದು ಬೇಡ. ಹಂಪಿ ನೋಡಲು ಬಂದಿದ್ದರೆ ಬಿಡಲೂ ಬೇಡಿ.

ಪಿಕ್ಲಿಹಾಳ, ಜೊತೆಗೆ ಮಸ್ಕಿ

ರಾಯಚೂರು ಕಡೆಯವರು ಇಷ್ಟು ದೂರ ಬರಬೇಕಿಲ್ಲ. ಲಿಂಗಸುಗೂರು ತಾಲ್ಲೂಕಿನಲ್ಲಿ, ಮುದಗಲ್ ಹತ್ತಿರ ಪಿಕ್ಲಿಹಾಳ ಇದೆ. 1950ರ ದಶಕದಲ್ಲಿ ಬ್ರಿಟಿಷ್ ಪುರಾತತ್ವಜ್ಞ ಆಲ್ಚಿನ್ ಇಲ್ಲಿ ಉತ್ಖನನ ಮಾಡಿದರು. ದನ ಸಾಕುತ್ತಿದ್ದ ನವಶಿಲಾಯುಗದ ಜನರ ಬದುಕು ಅದರಿಂದ ತಿಳಿಯಿತು. ಸುತ್ತಲಿನ ಬಂಡೆಗಳಲ್ಲಿ ಕುಟ್ಟಿದ ಚಿತ್ರ, ಬಣ್ಣದ ಚಿತ್ರ ಎರಡೂ ಇವೆ. ಅದೇ ಇದರ ಹೆಚ್ಚುಗಾರಿಕೆ. ಆದರೆ ಚಿತ್ರಗಳು ಚದುರಿಕೊಂಡಿವೆ, ಬೇರೆ ಬೇರೆ ಕಾಲದವೂ ಹೌದು. ಹುಡುಕುವ ತಾಳ್ಮೆ ಇದ್ದವರು ಮಾತ್ರ ಖುಷಿಪಡುತ್ತಾರೆ. ಊಟ, ವಸತಿ ಲಿಂಗಸುಗೂರಿನಲ್ಲಿ ನೋಡಿಕೊಳ್ಳಿ. ಮುದಗಲ್ ಕೋಟೆ ಪಕ್ಕದಲ್ಲೇ ಇರುವುದರಿಂದ ಚಿತ್ರದಲ್ಲಿ ಆಸಕ್ತಿ ಇಲ್ಲದವರಿಗೂ ದಿನ ವ್ಯರ್ಥವಾಗುವುದಿಲ್ಲ.

ಒಂದು ಗಂಟೆ ದಾರಿಯಲ್ಲಿ ಮಸ್ಕಿ ಸಿಗುತ್ತದೆ. ಅಲ್ಲಿನ ದುರ್ಗದ ಗುಡ್ಡದಲ್ಲಿರುವ ಅಶೋಕನ ಶಾಸನವನ್ನು 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಗುರುತಿಸಿದರು. ಅದುವರೆಗೆ ಸಿಕ್ಕಿದ್ದ ಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಅಂತ ಇರುತ್ತಿತ್ತು, ಅಶೋಕ ಅನ್ನುವ ಹೆಸರು ಇರಲಿಲ್ಲ. ಇಲ್ಲಿ ಹೆಸರೇ ಇತ್ತು. ಆಮೇಲೆ ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳಂ ಶಾಸನಗಳಲ್ಲೂ ಹೆಸರು ಸಿಕ್ಕಿತು. ಅಕ್ಷರ ಬ್ರಾಹ್ಮಿ, ಭಾಷೆ ಪ್ರಾಕೃತ. ಬೆಳಗ್ಗೆ ಪಿಕ್ಲಿಹಾಳದಲ್ಲಿ ದನದ ಚಿತ್ರ ನೋಡಿ, ಸಂಜೆ ಮಸ್ಕಿಯಲ್ಲಿ ಅಕ್ಷರದ ಮುಂದೆ ನಿಂತರೆ ಅದರ ರುಚಿಯೇ ಬೇರೆ. ಇದೊಂದು ಕಡೆ ಮಾತ್ರ 'ಒಂದು ದಿನಕ್ಕೆ ಒಂದೇ ಗುಡ್ಡ' ಅನ್ನುವ ಮಾತನ್ನು ನಾನು ಸಡಿಲ ಮಾಡುತ್ತೇನೆ. ಶಾಸನ ನೋಡಲು ಹೆಚ್ಚು ಹೊತ್ತು ಬೇಡ.

ಕಾಲ, ಕಾಡುಪ್ರಾಣಿ, ಮುಳ್ಳು

ನವೆಂಬರ್‌ನಿಂದ ಫೆಬ್ರುವರಿ ಮಧ್ಯದವರೆಗೆ ಬನ್ನಿ. ಮಾರ್ಚ್ ಬಂದರೆ ಬಂಡೆ ಕಾದ ಹಂಚಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಇಲ್ಲಿ ಮಾಮೂಲು. ಮಳೆಗಾಲದಲ್ಲಿ ಹಿರೇಬೆಣಕಲ್ ಕೊಳ ತುಂಬಿ ಚೆಂದ ಕಾಣುತ್ತದೆ, ಆದರೆ ಬಂಡೆ ಜಾರುತ್ತದೆ.

ಕೊಪ್ಪಳ, ಬಳ್ಳಾರಿ ಗುಡ್ಡಗಳಲ್ಲಿ ಕರಡಿ, ಚಿರತೆ ಇವೆ. ಅವುಗಳಿಗೂ ಈ ಗವಿಗಳೇ ಮನೆ. ನಸುಕಿನಲ್ಲಿ ಒಬ್ಬರೇ ಹತ್ತಬೇಡಿ, ಬೆಳಕು ಹರಿದ ಮೇಲೆ ಮಾತಾಡುತ್ತಾ ಹೋಗಿ. ಕತ್ತಲಾಗುವ ಮುಂಚೆ ಕೆಳಗಿರಿ. ಗವಿಯೊಳಗೆ ಕಾಲಿಡುವ ಮುಂಚೆ ಹೊರಗೆ ನಿಂತು ಕೋಲಿನಿಂದ ಬಂಡೆ ತಟ್ಟಿ. ಚಪ್ಪಲಿ ಬೇಡ, ಶೂ ಹಾಕಿ. ಊರ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿ ದಾರಿಯುದ್ದಕ್ಕೂ ಇದೆ. ಅದರ ಮುಳ್ಳು ತೆಳ್ಳನೆ ಅಟ್ಟೆಯನ್ನು ದಾಟಿ ಬರುತ್ತದೆ.

ಚಿತ್ರದ ಎದುರು

ಎರಡು ವರ್ಷ ಹಿಂದೆ ಒಂದು ಗವಿಯಲ್ಲಿ ನಾಲ್ಕೈದು ಹುಡುಗರು ಬಾಟಲಿಯಿಂದ ಚಿತ್ರದ ಮೇಲೆ ನೀರು ಎರಚುತ್ತಿದ್ದರು. ನೀರು ಬಿದ್ದರೆ ಬಣ್ಣ ಗಾಢವಾಗಿ ಫೋಟೊ ಚೆನ್ನಾಗಿ ಬರುತ್ತದೆ, ನಿಜ. ಆದರೆ ನೀರು ಬಂಡೆಯ ಉಪ್ಪನ್ನು ಕರಗಿಸಿ ಮೇಲೆ ತರುತ್ತದೆ. ಒಣಗಿದ ಮೇಲೆ ಅದು ಚಿತ್ರದ ಮೇಲೆ ಬಿಳಿ ಪೊರೆಯಾಗಿ ಕೂರುತ್ತದೆ. ಆ ಪೊರೆ ತೆಗೆಯಲು ಹೋದರೆ ಬಣ್ಣವೂ ಬರುತ್ತದೆ. ನಾನು ಕೂತು ವಿವರಿಸಿದೆ. ಹುಡುಗರು ಕೇಳಿಸಿಕೊಂಡರು, ಬಾಟಲಿ ಮುಚ್ಚಿದರು. ಅವರಿಗೆ ಯಾರೂ ಹೇಳಿರಲಿಲ್ಲ ಅಷ್ಟೇ.

ಸೀಮೆಸುಣ್ಣದಲ್ಲಿ ಗೆರೆ ತಿದ್ದುವುದು, ಕೈಯಿಂದ ಒರೆಸುವುದು, ಪಕ್ಕದಲ್ಲಿ ಹೆಸರು ಬರೆಯುವುದು ಯಾವುದೂ ಬೇಡ. ಕೇಂದ್ರ ಸರ್ಕಾರದ ರಕ್ಷಣೆಯಲ್ಲಿರುವ ಸ್ಮಾರಕ ಹಾಳು ಮಾಡಿದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಕರಿಕಲ್ಲಿನ ಚಕ್ಕೆ ಚೆನ್ನಾಗಿದೆ ಅಂತ ಜೇಬಿಗೂ ಹಾಕಬೇಡಿ. ಎಲ್ಲಿ ಬಿದ್ದಿದೆ ಅನ್ನುವುದರಿಂದಲೇ ಓದುವವರಿಗೆ ಅದು ಮಾತಾಡುತ್ತದೆ.

ಅಕ್ಕನ ಮಗಳಿಗೆ ಏನು ಹೇಳಿದೆ?

ಅವಳ ಜೊತೆ 5 ವರ್ಷದ ಮಗ ಇರುತ್ತಾನೆ, ಮೊಣಕಾಲು ನೋವಿರುವ ಅತ್ತೆ ಇರುತ್ತಾರೆ. ಇರುವುದು ಎರಡು ದಿನ. ಹಿರೇಬೆಣಕಲ್ ಬೇಡ ಅಂದೆ, ಆಸೆಪಟ್ಟಳು, ಆದರೂ ಬೇಡ ಅಂದೆ. ಮೊದಲ ದಿನ ಒನಕೆ ಕಿಂಡಿ. ಅತ್ತೆಯವರು ಗದ್ದೆ ಅಂಚಿನ ನೆರಳಲ್ಲಿ ಕೂರಬಹುದು, ಹುಡುಗ ಗೂಳಿ ಎಣಿಸಬಹುದು. ಅಂದೇ ಮಧ್ಯಾಹ್ನ ಬಳ್ಳಾರಿಗೆ ಹೊರಟು, ದಾರಿಯಲ್ಲಿ ಕುಡತಿನಿ ಬಳಿಯ ಬೂದಿ ದಿಬ್ಬ ನೋಡಿಕೊಂಡು, ಸಂಜೆ ಮ್ಯೂಸಿಯಂ. ಆ ದಿಬ್ಬ ನವಶಿಲಾಯುಗದವರು ಸಗಣಿ ಸುಟ್ಟು ಸುಟ್ಟು ಆದದ್ದು. ಬಂಡೆ ಮೇಲೆ ದನ ಬರೆದವರ ದೊಡ್ಡಿ ಹೇಗಿತ್ತು ಅಂತ ಅಲ್ಲಿ ಗೊತ್ತಾಗುತ್ತದೆ.

ಎರಡನೇ ದಿನ ಬೆಳಗ್ಗೆ ಕುಪ್ಪಗಲ್ಲು, ಅವಳು ಮತ್ತು ಗಂಡ ಇಬ್ಬರೇ. ಹುಡುಗ ಅಜ್ಜಿಯ ಜೊತೆ ಲಾಡ್ಜಿನಲ್ಲಿ ಇರಲಿ. ರೊಟ್ಟಿ, ಶೇಂಗಾ ಚಟ್ನಿ ಬುತ್ತಿ ನಮ್ಮ ಮನೆಯಿಂದಲೇ ಕಟ್ಟಿಕೊಡುತ್ತೇವೆ. ಕುಪ್ಪಗಲ್ಲಿನವರೊಬ್ಬರಿಗೆ ಫೋನ್ ಮಾಡಿ ಹೇಳಿದ್ದೇನೆ. 6 ಗಂಟೆಗೆ ಗುಡ್ಡದ ಬುಡದಲ್ಲಿ ಕಾಯುತ್ತಾರೆ.